ತಣ್ಣಗಿದ್ದಾಗಿನ ಸದ್ದು

"ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಸದ್ದು ಬರುತ್ತೆ," ಎಂದಳು ಆ ಹೆಂಗಸು. ಕೀ ಇನ್ನೂ ಅವಳ ಮುಷ್ಟಿಯೊಳಗೇ ಇತ್ತು. "ಬಂದರೆ ಬರಲಿ ಬಿಡಿ, ನೀವು ಬರೀ ಸರ್ವೀಸ್ ಮಾಡಿ. ಬಿಸಿಯಾದ ಮೇಲೆ ತಾನೇ ನಿಲ್ಲುತ್ತೆ. ಆದರೆ ಅದಕ್ಕೆ ಓಗೊಡಬೇಡಿ. ಯಾರು ಅಂತ ಕೇಳಬೇಡಿ. ಬಂದೆ ಅನ್ನಬೇಡಿ."

ಗ್ಯಾರೇಜಿನ ಯಜಮಾನ ಗಂಭೀರವಾಗಿ ತಲೆಯಾಡಿಸಿದ. ಪಕ್ಕದಲ್ಲಿ ನಿಂತಿದ್ದ ಅವನ ತಂಗಿಗೆ ಮಾತ್ರ ನಗು ತಡೆಯಲಾಗಲಿಲ್ಲ.

"ಅಮ್ಮಾ, ಇಂಜಿನ್ ಸದ್ದಿಗೆ ಓಗೊಟ್ಟೇ ನಾನು ಹೊಟ್ಟೆ ಹೊರೆಯೋದು!"

ಸುಳ್ಳಲ್ಲ. ಕಾರು ತಯಾರಿಸುವ ಕಾರ್ಖಾನೆಯೊಂದರಲ್ಲಿ ಇಂಜಿನ್ನುಗಳ ಸದ್ದು ಆಲಿಸಿ ದೋಷ ಹೇಳುವುದೇ ಅವಳ ಕೆಲಸವಾಗಿತ್ತು. ಆ ವಿಭಾಗ ಮುಚ್ಚಿಹೋದಾಗ ಅಣ್ಣ ತನ್ನ ಗ್ಯಾರೇಜಿಗೇ ಕರೆಸಿಕೊಂಡಿದ್ದ. ಬಂದು ಇನ್ನೂ ತಿಂಗಳಾಗಿರಲಿಲ್ಲ. ಕೊರಳಲ್ಲಿ ಸದಾ ಇಂಜಿನ್ನಿಗೆ ಒತ್ತಿ ಕೇಳುವ ಕಡ್ಡಿಯ ಸ್ಟೆತಸ್ಕೋಪು ನೇತಾಡುತ್ತಿದ್ದುದರಿಂದ ಕೆಲಸದವರೆಲ್ಲ ಅವಳನ್ನು ಡಾಕ್ಟರಮ್ಮ ಎಂದು ಕರೆಯತೊಡಗಿದ್ದರು. ಅಣ್ಣನ ಬಾಯಿಗೂ ಅದೇ ಹೆಸರು ಹತ್ತಿಬಿಟ್ಟಿತ್ತು.

ಆ ಹೆಂಗಸು ನಗಲಿಲ್ಲ. ಗೋಡೆಯ ಕಡೆ ಮುಖ ಮಾಡಿಕೊಂಡೇ ಹೇಳಿದಳು. ಗಾಡಿ ಅವಳ ತಮ್ಮನದು. ಇದಕ್ಕೂ ಮುಂಚೆ ಅವನ ಬಳಿ ಬೇರೊಂದು ಕಾರಿತ್ತು. ಅದು ಸೇತುವೆಯ ಕೆಳಗೆ ಮಗುಚಿ ಬಿದ್ದಾಗ ತಮ್ಮ ಹೊರಗೆ ತೆವಳಿ ಬಂದ, ಗೆಳೆಯ ಒಳಗೆ ಸಿಕ್ಕಿಕೊಂಡ. ಬೆಂಕಿ ಹತ್ತುತ್ತಿತ್ತು. ಗೆಳೆಯ ಗಾಜು ಬಡಿಯುತ್ತಲೇ ಇದ್ದ. ತಮ್ಮ ದೂರದಲ್ಲಿ ನಿಂತು ನೋಡಿದ. ಹತ್ತಿರ ಹೋಗಲಿಲ್ಲ.

"ಆ ಹುಡುಗನ ತಾಯಿ ಮಾಟ ಮಾಡಿಸಿದಳು. ನನ್ನ ಮಗ ಬಡಿದಾಗ ನೀನು ಓಗೊಡಲಿಲ್ಲ, ನೀನೂ ಬಡೀತಾನೇ ಇರು, ಓಗೊಟ್ಟವರು ನಿನ್ನ ಜಾಗಕ್ಕೆ ಬರಲಿ ಅಂತ. ನಮ್ಮ ಮನೆ ಬಾಗಿಲಲ್ಲಿ ನಿಂತು, ನನ್ನೆದುರಿಗೇ ಹೇಳಿ ಹೋದಳು." ಅವಳು ಕೀಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು. "ತಮ್ಮ ಇದೇ ಗಾಡಿಯ ಸೀಟಿನಲ್ಲಿ ಸತ್ತಿದ್ದ. ಬಾಗಿಲಿಗೆ ಬೀಗ ಹಾಕಿರಲಿಲ್ಲ. ಕೈಬೆರಳಿನ ಗೆಣ್ಣುಗಳಲ್ಲಿ ಚರ್ಮವೇ ಇರಲಿಲ್ಲ."

ಕೀಯನ್ನು ಮೇಜಿನ ಮೇಲಿಟ್ಟು ಹೊರಟವಳು ಗಾಡಿಯತ್ತ ಒಮ್ಮೆಯೂ ತಿರುಗಿ ನೋಡಲಿಲ್ಲ.

"ಕೇಳಿಸ್ಕೊಂಡ್ಯಲ್ಲ? ಇದಕ್ಕೆ ನೀನು ಕೈ ಹಾಕ್ಬೇಡ," ಎಂದ ಅಣ್ಣ.

"ಯಾಕೋ? ದೆವ್ವಕ್ಕೂ ಇಂಜಿನ್ ಥರ ಚೈನ್ ಸಡಿಲ ಆಗಿದ್ಯಾ?"

"ತಮಾಷೆ ಸಾಕು ಕಣೇ. ಮಾತು ಅಂದ್ರೆ ಮಾತು."

"ಆಯ್ತಪ್ಪಾ ಮಂತ್ರವಾದಿ, ಆಯ್ತು."

ಮಾತು ಕೊಟ್ಟಳು. ಆದರೆ ಆ ಗಾಡಿ ಅವಳನ್ನು ಬಿಡಲಿಲ್ಲ. ಕಡುಗೆಂಪು ಬಣ್ಣ, ಎರಡೇ ಬಾಗಿಲು, ನೆಲಕ್ಕೆ ಹೊಟ್ಟೆ ತಾಗಿಸಿ ಹೊಂಚು ಹಾಕಿದ ಮೃಗದಂಥ ಭಂಗಿ. ಅಂಥ ಇಂಜಿನ್ನೊಂದರ ಎದೆಗೆ ಕಿವಿಗೊಡುವ ಯೋಗ ಎಷ್ಟು ಜನಕ್ಕೆ ಸಿಗುತ್ತದೆ? ತಣ್ಣಗಿನ ಇಂಜಿನ್ನಿನ ಸದ್ದನ್ನು ತಣ್ಣಗಿರುವಾಗಲೇ ಹಿಡಿಯಬೇಕು. ಒಮ್ಮೆ ಚಾಲೂ ಮಾಡಿದರೆ ಆ ದಿನದ ಅವಕಾಶ ಮುಗಿದಂತೆ. ಹಾಗಾಗಿ ಮರುದಿನ ಬೆಳಿಗ್ಗೆ ಅಣ್ಣನೂ ಕೆಲಸದವರೂ ಬರುವ ಮುನ್ನವೇ ಅವಳು ಗ್ಯಾರೇಜಿನ ಶಟರ್ ಎತ್ತಿದಳು.

ಗ್ಯಾರೇಜಿದ್ದದ್ದು ಕಟ್ಟಡದ ನೆಲಮಾಳಿಗೆಯಲ್ಲಿ. ಇಳಿಜಾರಿನಲ್ಲಿ ಇಳಿಯುತ್ತಿದ್ದಂತೆ ಸುಟ್ಟ ಎಣ್ಣೆ, ಹಸಿ ಸಿಮೆಂಟು, ಹಳೆ ರಬ್ಬರಿನ ವಾಸನೆ ಒಟ್ಟಾಗಿ ಮೂಗಿಗೆ ಬಡಿಯಿತು. ಟ್ಯೂಬ್‌ಲೈಟು ನಾಲ್ಕು ಸಲ ಕಣ್ಣು ಮಿಟುಕಿಸಿ ಹೊತ್ತಿಕೊಂಡಿತು. ಮೂಲೆಯಲ್ಲಿ ಕೆಂಪು ಗಾಡಿಯ ಮೈಮೇಲೆ ಮಂಜಿನ ಹನಿಗಳು ಬೆವರಿನಂತೆ ಕೂತಿದ್ದವು. ನೆಲಮಾಳಿಗೆಯೊಳಕ್ಕೆ ಮಂಜು ಹೇಗೆ ಬಂತು ಎಂದು ಅವಳು ಯೋಚಿಸಲಿಲ್ಲ.

ಬಾನೆಟ್ ತೆರೆದಿಟ್ಟು ಕೀ ತಿರುಗಿಸಿದಳು.

ಇಂಜಿನ್ ಗುಡುಗಿ ಎದ್ದಿತು. ಆ ಗುಡುಗಿನ ಅಡಿಯಿಂದ ಸದ್ದು ಬಂತು. ಟಕ್. ಟಕ್. ಟಕ್.

ಅವಳ ಮುಖ ಅರಳಿತು. ರಾತ್ರಿಯಿಡೀ ನಿಂತ ಇಂಜಿನ್ನಿನಲ್ಲಿ ಎಣ್ಣೆ ಕೆಳಗಿಳಿದಿರುತ್ತದೆ, ಅದು ಮತ್ತೆ ಮೇಲೇರುವವರೆಗೆ ಇಂಜಿನ್ನೊಳಗಿನ ಚೈನ್ ಸಡಿಲವಾಗಿ ಬಡಿದುಕೊಳ್ಳುವುದುಂಟು. ಸ್ಟೆತಸ್ಕೋಪಿನ ಕಡ್ಡಿಯನ್ನು ಚೈನಿನ ಮುಚ್ಚಳಕ್ಕೆ ಒತ್ತಿದಳು. ಅಲ್ಲಿ ಎಲ್ಲ ನಯ. ವಾಲ್ವುಗಳ ಮೇಲೆ ಒತ್ತಿದಳು. ಅಲ್ಲೂ ಇಲ್ಲ. ಹೊಗೆಕೊಳವೆಯ ಸಂದಿನಲ್ಲಿ ಗಾಳಿ ಸೋರುತ್ತಿದ್ದರೂ ಹೀಗೆ ಟಿಕ್‌ಟಿಕ್ ಎನ್ನುತ್ತದೆ, ಲೋಹ ಕಾದು ಹಿಗ್ಗಿದಾಗ ಸಂದು ಮುಚ್ಚಿ ಸದ್ದು ನಿಲ್ಲುತ್ತದೆ. ಅಲ್ಲಿಯೂ ನೋಡಿದಳು. ಏನೂ ಸೋರುತ್ತಿರಲಿಲ್ಲ.

ಆಕ್ಸಿಲರೇಟರಿನ ತಂತಿಯನ್ನು ಕೈಯಿಂದ ಎಳೆದಳು. ಇಂಜಿನ್ ಅರಚಿತು. ವೇಗ ಏರಿದರೆ ಇಂಜಿನ್ನಿನ ಯಾವುದೇ ಸದ್ದಾದರೂ ಜೊತೆಯಲ್ಲೇ ಏರಬೇಕು. ಇದು ಏರಲಿಲ್ಲ. ಅರಚಾಟದ ನಡುವೆ ಅದೇ ತಾಳ್ಮೆಯಲ್ಲಿ, ಮುಚ್ಚಿದ ಕದದ ಎದುರು ಯಾರೋ ನಿಂತಿರುವಂತೆ, ಟಕ್. ಟಕ್. ಟಕ್.

ಆಗ ಅವಳಿಗೆ ಕಂಡಿತು. ಇಂಜಿನ್ನಿನ ಹಿಂದೆ, ತಗಡಿನ ಗೋಡೆಗೆ ಅಂಟಿದಂತೆ, ಕರಿದಾರ ಸುತ್ತಿದ ಮುಷ್ಟಿಗಾತ್ರದ ಬಟ್ಟೆಯ ಗಂಟು.

"ಇಲ್ಲಿದ್ದೀಯಾ ರಾಜ!" ಎಂದು ನಕ್ಕಳು. ಒಳಗೆ ಮೊಳೆಯೋ ಮತ್ತೇನೋ ಇರಬೇಕು, ಇಂಜಿನ್ ನಡುಗಿದಾಗ ತಗಡಿಗೆ ಬಡಿಯುತ್ತಿದೆ. ಇಷ್ಟಕ್ಕೆ ಇಷ್ಟು ದೊಡ್ಡ ಕತೆ! ಇಂಜಿನ್ ಆರಿಸಿ, ಸ್ಟೆತಸ್ಕೋಪು ಪಕ್ಕಕ್ಕಿಟ್ಟು, ಇಕ್ಕಳ ತೂರಿಸಿ ದಾರ ಕತ್ತರಿಸಿದಳು. ಗಂಟು ಬಿಚ್ಚಿಕೊಂಡಿತು. ಕೂದಲು, ತುಕ್ಕು ಹಿಡಿದ ಮೊಳೆಗಳು, ಕಪ್ಪಾದ ಗಾಜಿನ ಚೂರು. ಕೂದಲು ಸುಟ್ಟ ವಾಸನೆ ಭಗ್ಗನೆ ಎದ್ದಿತು. ಎಲ್ಲವನ್ನೂ ಹಳೆ ಎಣ್ಣೆಯ ತಟ್ಟೆಗೆ ಒಗೆದು, ಕೈ ಒರೆಸಿಕೊಂಡು, ಸೀಟಿನಲ್ಲಿ ಕೂತು ಕೀಗೆ ಕೈ ಹಾಕಿದಳು.

ತಿರುಗಿಸಿರಲಿಲ್ಲ. ಇಂಜಿನ್ ಸತ್ತಂತಿತ್ತು.

ಟಕ್. ಟಕ್. ಟಕ್.

ಡ್ಯಾಶ್‌ಬೋರ್ಡಿನ ಹಿಂದಿನಿಂದ. ತೀರ ಹತ್ತಿರದಿಂದ.

ಅವಳಿಗೆ ಹೆದರಿಕೆಗಿಂತ ಮೊದಲು ಸಿಟ್ಟು ಬಂತು. ತನ್ನ ಕಿವಿ ಯಾವತ್ತೂ ಮೋಸ ಹೋದದ್ದಿಲ್ಲ. ಸಿಟ್ಟಿನಲ್ಲೇ ನಗು ತಂದುಕೊಂಡು ಸ್ಟೀರಿಂಗಿಗೆ ಒಂದು ಪೆಟ್ಟು ಕೊಟ್ಟಳು.

"ಬಂದೆ ಕಣಪ್ಪಾ, ಬಂದೆ!"

ಸದ್ದು ನಿಂತಿತು.

ಯಾರೋ ಬಹಳ ಕಾಲದಿಂದ ಕಟ್ಟಿಹಿಡಿದ ಉಸಿರನ್ನು ಅವಳ ಕಿವಿಯ ಪಕ್ಕದಲ್ಲೇ ಬಿಟ್ಟರು. ತೆರೆದಿಟ್ಟಿದ್ದ ಬಾಗಿಲು ಮೆಲ್ಲಗೆ, ಸದ್ದಿಲ್ಲದೆ ಮುಚ್ಚಿಕೊಂಡಿತು.

ಹಿಡಿ ಎಳೆದಳು. ಹಿಡಿ ಬಂತು, ಬಾಗಿಲು ಬರಲಿಲ್ಲ. ಬೀಗ ಬಿದ್ದಿರಲಿಲ್ಲ. ಭುಜ ಕೊಟ್ಟು ನೂಕಿದಳು. ಆಚೆ ಬಾಗಿಲಿಗೆ ಒದ್ದಳು. ಹಾರನ್ ಒತ್ತಿದಳು. ಸದ್ದಿಲ್ಲ. ಫೋನಿನಲ್ಲಿ ಅಣ್ಣನ ಹೆಸರು ಒತ್ತಿದಳು. ರಿಂಗಾಗುತ್ತಿರುವಂತೆ ಕಂಡಿತು, ಕಿವಿಗಿಟ್ಟುಕೊಂಡರೆ ಒಳಗಿಂದ ಟಕ್‌ಟಕ್ ಮಾತ್ರ. ಕಿರುಚಿದಳು. ತನ್ನ ಕಿರುಚಾಟ ತನಗೇ ಕೇಳಿಸಲಿಲ್ಲ.

ಸ್ವಲ್ಪ ಹೊತ್ತಿಗೆ ಅಣ್ಣ ಬಂದ. ಹೊರಗೆ ತಂಗಿಯ ಸ್ಕೂಟರ್ ನೋಡಿದ್ದನೆಂದು ಕಾಣುತ್ತದೆ, ಕೂಗುತ್ತಲೇ ಇಳಿದು ಬಂದ. "ಲೇ ಡಾಕ್ಟರಮ್ಮಾ! ಎಲ್ಲಿದ್ದೀಯೇ?" ಗಾಡಿಯ ಗಾಜಿಗೆ ಮುಖ ಒತ್ತಿ ಒಳಗೆ ಇಣುಕಿದ. ಅವನ ಮೂಗು ಅವಳ ಮೂಗಿನಿಂದ ಗೇಣು ದೂರದಲ್ಲಿತ್ತು. ಅವನ ಕಣ್ಣು ಅವಳನ್ನು ದಾಟಿ ಹಿಂದಿನ ಸೀಟನ್ನು ನೋಡಿತು.

ಗಾಜು ಬಡಿಯಲು ಕೈ ಎತ್ತಹೋದಳು. ಕೈ ಏಳಲಿಲ್ಲ. ಆರಿಸಿದ ಇಂಜಿನ್ನಿನ ಬಿಸಿ ಈಗ ಸೀಟಿನವರೆಗೆ ಹಬ್ಬಿತ್ತು. ಆ ಕಾವು ಪಾದದಿಂದ ಮೇಲೇರಿ ತೊಡೆ, ತೋಳು, ನಾಲಿಗೆ ಎಲ್ಲವನ್ನೂ ಜೋಮು ಹಿಡಿಸಿಬಿಟ್ಟಿತ್ತು. ಬಿಸಿಯಾದಾಗ ಆ ಸದ್ದು ಯಾಕೆ ನಿಲ್ಲುತ್ತಿತ್ತೆಂದು ಡಾಕ್ಟರಮ್ಮನಿಗೆ ಆಗ ತಿಳಿಯಿತು.

ಅಣ್ಣ ಬಾನೆಟ್ಟಿನ ಒಳಗೆ ನೋಡಿದ. ಎಣ್ಣೆಯ ತಟ್ಟೆಯಲ್ಲಿ ತೇಲುತ್ತಿದ್ದ ಕರಿದಾರವನ್ನು ಕಡ್ಡಿಯಿಂದ ಎತ್ತಿದ. ಕಡ್ಡಿಯನ್ನು ತಟ್ಟೆಗೇ ಬಿಸುಟ. ಅವನು ಓಡಿ ಹೋದ.

ಆ ಹಗಲಿಡೀ ಅವಳನ್ನು ಹುಡುಕುವುದರಲ್ಲಿ ಗ್ಯಾರೇಜು ಖಾಲಿಯಾಯಿತು. ಇಂಜಿನ್ ತಣ್ಣಗಾಗಿ ಕೈಗೆ ಬಲ ಬಂದಾಗ ಕೇಳುವವರು ಯಾರೂ ಇರಲಿಲ್ಲ. ಆದರೂ ಬಡಿದಳು. ಸೀಟಿನ ಚರ್ಮದಿಂದ ಯಾರದೋ ಹಳೆಯ ಬೆವರು ಏಳುತ್ತಿತ್ತು. ಗಾಜಿನ ಒಳಮೈಯಲ್ಲಿ, ತನ್ನ ಕೈ ಬೀಳುತ್ತಿದ್ದಲ್ಲೇ, ಅವಳವಕ್ಕಿಂತ ದೊಡ್ಡ ಗೆಣ್ಣುಗಳ ಮಸುಕು ಗುರುತುಗಳಿದ್ದವು. ಹಸಿವಿಲ್ಲ. ಬಾಯಾರಿಕೆಯಿಲ್ಲ. ನಿದ್ದೆಯಿಲ್ಲ. ಬಡಿಯಬೇಕು ಎಂಬುದೊಂದೇ ಉಳಿದಿತ್ತು.

ಮರುದಿನ ಬೆಳಿಗ್ಗೆ ಅಣ್ಣ ಒಬ್ಬನೇ ಬಂದ. ಗಡ್ಡ ಬೋಳಿಸಿರಲಿಲ್ಲ, ನಿನ್ನೆಯ ಅಂಗಿಯೇ ಮೈಮೇಲಿತ್ತು. ಕೀಗೆ ಕೈ ಹಾಕಲಿಲ್ಲ. ಇಂಜಿನ್ನಿನ ಪಕ್ಕ ಬಿದ್ದಿದ್ದ ತಂಗಿಯ ಸ್ಟೆತಸ್ಕೋಪನ್ನು ಎತ್ತಿ ಕಿವಿಗೆ ಸಿಕ್ಕಿಸಿಕೊಂಡು, ಕಡ್ಡಿಯನ್ನು ಬಾಗಿಲಿಗೆ ಒತ್ತಿ, ಕಣ್ಣು ಮುಚ್ಚಿದ.

ಅವಳು ಬಡಿದಳು.

ಅವನ ಮುಖ ಕಿವುಚಿಕೊಂಡಿತು. "ನೀನೇನೇ?" ಎಂಬ ಮಾತು ತುಟಿಯವರೆಗೆ ಬಂದದ್ದು ಅವಳಿಗೆ ಕಂಡಿತು. ಅವನು ಅಂಗೈಯಿಂದ ಬಾಯಿ ಮುಚ್ಚಿಕೊಂಡ. ಎದ್ದು ಇಳಿಜಾರಿನತ್ತ ನಡೆದ. ನಿಂತ. ಗೋಡೆಗೆ ಹಣೆಯಿಟ್ಟು ನಿಂತೇ ಇದ್ದ.

ಈಗ ಸುಮ್ಮನಿರಬೇಕು ಎಂದು ಅವಳಿಗೆ ಗೊತ್ತಿತ್ತು. ಕೈ ತಡೆದರೆ ಅವನು ಹೊರಟುಹೋಗುತ್ತಾನೆ. ಹೋಗಲಿ. ಹೋಗಿಬಿಡಲಿ. ಆದರೆ ಸದ್ದು ನಿಲ್ಲಲಿಲ್ಲ. ಕೈ ತಾನಾಗಿ ಬಡಿಯುತ್ತಿತ್ತೋ ಅವಳೇ ಬಡಿಯುತ್ತಿದ್ದಳೋ, ಆಮೇಲೆ ಎಷ್ಟು ಯೋಚಿಸಿದರೂ ಅವಳಿಗೆ ಹೇಳಲಾಗಲಿಲ್ಲ. ಟಕ್. ಟಕ್. ಟಕ್. ಗೆಣ್ಣು ಒಡೆಯಿತು. ಗಾಜಿನ ಮೇಲೆ ಕೆಂಪು ಇಳಿಯಿತು. ಟಕ್. ಟಕ್.

ಅಣ್ಣ ತಿರುಗಿ ಬಂದ. ಮಂಡಿಯೂರಿ ಗಾಜಿಗೆ ಕೈಯಿಟ್ಟ.

"ಬಂದೆ ಕಣೇ," ಎಂದ. "ಅಳಬೇಡ. ಬಂದೆ."

ಅವಳು ನೆಲದ ಮೇಲಿದ್ದಳು. ಕೆನ್ನೆಗೆ ತಣ್ಣನೆಯ ಸಿಮೆಂಟು ತಾಗುತ್ತಿತ್ತು. ಸ್ಟೆತಸ್ಕೋಪು ಪಕ್ಕದಲ್ಲಿ ಬಿದ್ದಿತ್ತು. ಅಣ್ಣ ಇರಲಿಲ್ಲ. ಎದ್ದವಳೇ ಬಾಗಿಲು ಎಳೆದಳು. ಅದು ಹಗುರಾಗಿ ತೆರೆದುಕೊಂಡಿತು. ಸೀಟು ಖಾಲಿ. ಮುಟ್ಟಿದರೆ ಆಗತಾನೇ ಎದ್ದವರ ಮೈಬಿಸಿ ಕೈಗೆ ಹತ್ತಿತು.

"ಅಣ್—" ಎಂದವಳು ನಾಲಿಗೆ ಕಚ್ಚಿಕೊಂಡಳು. ಬಾಯಿ ತುಂಬ ರಕ್ತದ ರುಚಿ. ಎಣ್ಣೆಯ ತಟ್ಟೆಗೆ ಕೈ ಅದ್ದಿ ಕೂದಲಿಗಾಗಿ, ಮೊಳೆಗಾಗಿ ತಡಕಾಡಿದಳು. ದಾರದ ತುಂಡುಗಳು ಬೆರಳಿಗೆ ಸುತ್ತಿಕೊಂಡವು. ಗಂಟನ್ನು ಮತ್ತೆ ಕಟ್ಟಲು ಅವಳಿಗೇನು ಬರುತ್ತಿತ್ತು? ಕತ್ತರಿಸುವುದೊಂದೇ ಬಂದಿತ್ತು.

ಟಕ್.

ಭಾರವಾದ ಕೈ. ದಿನವೂ ಸ್ಪಾನರ್ ಹಿಡಿದ ಕೈ.

ಟಕ್. ಟಕ್.

ಇಳಿಜಾರಿನಲ್ಲಿ ಚಪ್ಪಲಿಯ ಸದ್ದಾಯಿತು. ಅತ್ತಿಗೆ. ಕೈಯಲ್ಲಿ ಗಂಡನಿಗೆ ತಂದ ಕಾಫಿಯ ಫ್ಲಾಸ್ಕು. ನಾದಿನಿಯನ್ನು ಕಂಡವಳೇ ಫ್ಲಾಸ್ಕು ಬಿಟ್ಟು ಓಡಿ ಬಂದು ತಬ್ಬಿಕೊಂಡಳು.

"ಎಲ್ಲಿ ಹಾಳಾಗಿ ಹೋಗಿದ್ಯೇ ಮಾರಾಯ್ತಿ! ಇದೇನು ಕೈಯೆಲ್ಲ ರಕ್ತ? ನಿಮ್ಮಣ್ಣ ರಾತ್ರಿಯೆಲ್ಲ ಒಂದು ತೊಟ್ಟು ನೀರು ಕುಡಿದಿಲ್ಲ. ಎಲ್ಲಿ ಅವರು?"

ಟಕ್. ಟಕ್. ಟಕ್.

ಅತ್ತಿಗೆ ತಬ್ಬಿದ ಕೈ ಸಡಿಲಿಸಿದಳು. "ಏನದು? ಯಾರೋ ಬಡೀತಿದ್ದಾರಲ್ಲ." ಗಾಡಿಯತ್ತ ಒಂದು ಹೆಜ್ಜೆ ಇಟ್ಟಳು. ಇನ್ನೊಂದು ಇಟ್ಟಳು. "ಯಾರ—"

ಡಾಕ್ಟರಮ್ಮ ಹಿಂದಿನಿಂದ ಹಾರಿ ಅವಳ ಬಾಯಿಯನ್ನು ಎಣ್ಣೆ ರಕ್ತ ಮೆತ್ತಿದ ಅಂಗೈಯಿಂದ ಒತ್ತಿ ಹಿಡಿದಳು. ಅತ್ತಿಗೆ ಕೊಸರಾಡಿದಳು. ಕಣ್ಣು ಗುಡ್ಡೆ ಹೊರಬರುವಂತೆ ಅರಳಿತು. ಬಡಿತ ಜೋರಾಯಿತು. ಒಳಗಿರುವ ಅಣ್ಣನಿಗೆ ಕಾಣುತ್ತಿದೆ. ಅವನಿಗೆ ಇಬ್ಬರೂ ಕಾಣುತ್ತಿದ್ದಾರೆ. ಅವನು ಬೇಡ ಎಂದು ಬಡಿಯುತ್ತಿದ್ದಾನೋ ಬಾ ಎಂದು ಬಡಿಯುತ್ತಿದ್ದಾನೋ ಯಾವ ಸ್ಟೆತಸ್ಕೋಪೂ ಹೇಳಲಾರದು.

ಒಂದು ಕೈಯಲ್ಲಿ ಅತ್ತಿಗೆಯ ಬಾಯಿ ಹಿಡಿದುಕೊಂಡೇ ಇನ್ನೊಂದು ಕೈಯನ್ನು ತೆರೆದ ಬಾಗಿಲಿನೊಳಗೆ ಚಾಚಿ ಕೀ ತಿರುಗಿಸಿದಳು. ಇಂಜಿನ್ ಗುಡುಗಿತು.

"ಗಾಡಿ ಸದ್ದು ಅತ್ತಿಗೆ," ಎಂದಳು ಅವಳ ಕಿವಿಯಲ್ಲಿ. ತನ್ನ ದನಿ ಅಷ್ಟು ಶಾಂತವಾಗಿ ಹೊರಬಂದದ್ದಕ್ಕೆ ತನಗೇ ಹೇಸಿಗೆಯಾಯಿತು. "ಚೈನ್ ಸಡಿಲ ಆಗಿದೆ. ತಣ್ಣಗಿದ್ದಾಗ ಹೀಗೇ ಬಡ್ಕೊಳ್ಳುತ್ತೆ. ಏನೂ ಮಾತಾಡ್ಬೇಡಿ, ಒಂಚೂರು ತಾಳಿ."

ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ಬಿಸಿ ತೋರಿಸುವ ಮುಳ್ಳು ಮೆಲ್ಲಗೆ ಮೇಲೇರತೊಡಗಿತು. ಬಡಿತ ಒಮ್ಮೆ ತಪ್ಪಿತು. ಮತ್ತೆ ಬಂತು. ಎರಡರ ನಡುವೆ ಅಂತರ ಹೆಚ್ಚುತ್ತ ಹೋಯಿತು. ಕೊನೆಯದೊಂದು ಬಂತು, ತೀರ ಮೃದುವಾಗಿ, ನಿದ್ದೆ ಹೋದ ಮನೆಯವರನ್ನು ಎಬ್ಬಿಸಲು ಮನಸ್ಸಿಲ್ಲದವರು ಕದ ತಟ್ಟಿದಂತೆ.

ಆಮೇಲೆ ಇಂಜಿನ್ನಿನ ನಯವಾದ ಗುನುಗು ಮಾತ್ರ.

ಅವಳು ಕೈ ತೆಗೆದಳು. ಅತ್ತಿಗೆ ಕೆಮ್ಮುತ್ತ, ಬಾಯಿ ಒರೆಸಿಕೊಳ್ಳುತ್ತ ದೂರ ಸರಿದು ಗೋಡೆಗೆ ಆತುಕೊಂಡಳು.

"ಇವರೆಲ್ಲಿ?" ಎಂದಳು ಮತ್ತೆ, ಈ ಸಲ ಮಗುವಿನ ದನಿಯಲ್ಲಿ.

ಡಾಕ್ಟರಮ್ಮ ಪೆಟ್ರೋಲಿನ ಮುಳ್ಳು ನೋಡಿದಳು. ಮೂಲೆಯಲ್ಲಿದ್ದ ಪೆಟ್ರೋಲ್ ಡಬ್ಬ ಎಳೆದು ಗಾಡಿಯ ಪಕ್ಕ ತಂದಿಟ್ಟುಕೊಂಡಳು. ಇಂಜಿನ್ ಆರಿಸಲಿಲ್ಲ.