ಕುಗ್ಗದ ಪಾಪೆ

"ಮುಂಬಾಗ್ಲ ಹೊಸ್ತಿಲು ತುಳೀಬೇಡಿ ಸಾಮಿ," ಎಂದ ನಲ್ಲಪ್ಪ. ಆಸ್ಪತ್ರೆಯ ಜವಾನ ಅವನು, ಔಷಧದ ಪೆಟ್ಟಿಗೆ ಹಿಡಿದು ಎರಡು ಹೆಜ್ಜೆ ಹಿಂದೆಯೇ ನಿಂತಿದ್ದ. "ಅದರಡಿ ಈ ಮನೆ ಸೊಸೆಯ ತಾಯಿ ಮುನಿಗಂಗಮ್ಮ ಮಾಟ ಹೂತವ್ಳೆ. ಒಳಗಿರೋ ಮಗಳ ಕಣ್ಣು ಕಂಡು, ಹೊರಗೆ ಬಂದು ಸುಳ್ಳಾಡಿದೋರ ಕಣ್ಣಿನ ಬಾಗ್ಲು ಮುಚ್ಚದೇ ಹೋಗ್ಲಿ ಅಂತ ಮಣ್ಣು ಮುಟ್ಟಿ ಶಾಪ ಹಾಕವ್ಳೆ. ಮನೆಯೋರೇ ಹಿತ್ತಲಿಂದ ಓಡಾಡ್ತವ್ರೆ."

ಡಾಕ್ಟರ್ ಸೇತುರಾಮ ನಕ್ಕ. ಮೈಸೂರಿನಲ್ಲಿ ಓದು ಮುಗಿಸಿ ಅಂಬಾಜಿದುರ್ಗದ ತಪ್ಪಲಿನ ಆ ಊರಿಗೆ ಬಂದು ಅವನಿಗಿನ್ನೂ ತಿಂಗಳಾಗಿರಲಿಲ್ಲ. "ಐವತ್ತೆಂಟನೇ ಇಸವೀಲೂ ಮಾಟವೇನಯ್ಯ? ಹೆದರಿದವನಿಗೆ ಹಗ್ಗವೂ ಹಾವೇ," ಎಂದವನು ಹೊಸ್ತಿಲ ಮೇಲೆ ಬೂಟುಗಾಲಿಟ್ಟು, ಬೇಕೆಂದೇ ಕೆಸರು ಒರೆಸಿ ಒಳಗೆ ಹೋದ. ಎದುರಿನ ಹೊಂಗೆಮರದಡಿ ಕೂತಿದ್ದ ಮುನಿಗಂಗಮ್ಮ ಅದನ್ನು ನೋಡಿದಳು. ಬೀಗರು ಅವಳನ್ನು ಒಳಗೆ ಬಿಟ್ಟಿರಲಿಲ್ಲ.

ಅದು ರೇಷ್ಮೆಹುಳು ಸಾಕುವ ಮನೆ. ಕಿಟಕಿಗಳಿಗೆ ಗೋಣಿತಾಟು ಇಳಿಬಿಟ್ಟಿದ್ದರು. ಕತ್ತಲಲ್ಲಿ ಸಾವಿರಾರು ಹುಳುಗಳು ಸೊಪ್ಪು ಮೇಯುವ ಸದ್ದು, ಹೆಂಚಿನ ಮೇಲೆ ತುಂತುರು ಬಿದ್ದ ಹಾಗೆ, ಒಂದೇ ಸಮನೆ. ಹಸಿ ಸೊಪ್ಪು, ಹುಳದ ಹಿಕ್ಕೆ, ಬೇವಿನ ಹೊಗೆ, ಕೊಯ್ದ ನಿಂಬೆಹಣ್ಣು ಎಲ್ಲದರ ನಾತ ಕೂಡಿ ಮೂಗಿಗೆ ಅಡರಿತು.

ಮೂಲೆಯ ಚಾಪೆಯ ಮೇಲೆ ಮನೆಯ ಸೊಸೆ ವೆಂಕಟರತ್ನಮ್ಮ ಎಚ್ಚರವಿಲ್ಲದೆ ಬಿದ್ದಿದ್ದಳು. ದೆವ್ವದ ಗಾಳಿ ಸೋಕಿದೆಯೆಂದು ನಿಂಬೆಹಣ್ಣು ಕೊಯ್ದಿದ್ದರು. ಗೋಡೆಗೊರಗಿ ಅವಳ ಗಂಡ ಬಯ್ಯಪ್ಪ ತಲೆ ತಗ್ಗಿಸಿ ಕೂತಿದ್ದ. ಮಾವ, ಊರ ಗೌಡ ನರಸಿಂಹಪ್ಪ, ಅವಳಿಗೆ ಬೆನ್ನು ಮಾಡಿ ಹುಳುಗಳ ತಟ್ಟೆ ನೋಡುತ್ತಾ ನಿಂತಿದ್ದ. ಆ ಮುಖ ಸೊಸೆಯ ಕಡೆಗೆ ಒಮ್ಮೆಯೂ ತಿರುಗಲಿಲ್ಲ.

ಸೇತುರಾಮ ಅವಳ ಬಲಗಣ್ಣಿನ ರೆಪ್ಪೆ ಎತ್ತಿ ಟಾರ್ಚು ಬಿಟ್ಟ. ಪಾಪೆ ಸಣ್ಣಗಾಯಿತು. ಎಡಗಣ್ಣಿಗೆ ಬಿಟ್ಟ. ಅಲ್ಲಿ ಪಾಪೆ ಅಗಲವಾಗಿ ಬಾಯಿ ತೆರೆದುಕೊಂಡಿತ್ತು. ಬೆಳಕು ಒಳಗೆ ಬಿತ್ತು, ಪಾಪೆ ಎಳ್ಳಷ್ಟೂ ಕುಗ್ಗಲಿಲ್ಲ. ಅವನು ಎಡಗಿವಿಯ ಮೇಲಿನ ಕೂದಲು ಸರಿಸಿದ. ನಿಂಬೆ ಗಾತ್ರದ ಬಾವು. ತಲೆಬುರುಡೆಯೊಳಗೆ ರಕ್ತ ಒಸರಿ ಮಿದುಳನ್ನು ಒತ್ತುತ್ತಿದೆ, ಕಣ್ಣಿನ ನರ ಅದರಡಿ ಸಿಕ್ಕಿಕೊಂಡಿದೆ ಎಂದು ಅವನಿಗೆ ತಿಳಿಯಿತು.

"ಇದು ಗಾಳಿಯಲ್ಲ, ಏಟು. ಯಾರು ಹೊಡೆದದ್ದು?"

ಬಯ್ಯಪ್ಪ ಮೂಲೆಯ ಒನಕೆ ನೋಡಿದ, ಮುಖ ತಿರುಗಿಸಿದ. "ಸೊಪ್ಪು ಹಾಕೋದು ತಡ ಮಾಡಿದ್ಲು," ಎಂದು ಗೊಣಗಿದ.

"ನಿಮ್ಮ ಜೀಪಲ್ಲಿ ಈಗಲೇ ಬೆಂಗಳೂರಿಗೆ ಸಾಗಿಸಿ. ತಲೆ ತೆರೆದು ರಕ್ತ ತೆಗೆದರೆ ಉಳೀಬಹುದು."

"ಅಲ್ಲಿ ಪೊಲೀಸ್ನೋರು ಕೇಳ್ತಾರೆ ಡಾಕ್ಟ್ರೇ," ಎಂದ ನರಸಿಂಹಪ್ಪ, ಬೆಣ್ಣೆಯಂಥ ದನಿಯಲ್ಲಿ. "ಗಾಳಿ ಸೋಕೈತೆ ಅಂದ್ಬುಡಿ. ನೀವು ಹೊಸಬರು. ನಿಮ್ಮ ಆಸ್ಪತ್ರೆ ಇರೋದು ನಮ್ಮ ಕಟ್ಟಡದಲ್ಲಿ. ನೀವು ಉಣ್ಣೋ ಅನ್ನಾನೂ ನಮ್ಮನೇದೇ ಅಲ್ವಾ?"

ಇಷ್ಟೇ. ಬೈಯಲಿಲ್ಲ, ಕೈ ಎತ್ತಲಿಲ್ಲ. ಅಷ್ಟಕ್ಕೇ ಆ ಓದಿದ ಗಂಡಸಿನ ಬಾಯಿಗೆ ಬೀಗ ಬಿತ್ತು. ಬೆಂಕಿ ಬೀಳಲಿ ಆ ಓದಿಗೆ.

ಹೊರಗೆ ಬಂದವನ ಕೈಯನ್ನು ಮುನಿಗಂಗಮ್ಮ ಹಿಡಿದುಕೊಂಡಳು. "ಏನು ಕಂಡ್ರಿ ಸಾಮಿ? ಒಂದು ಮಾತು ಹೇಳಿ ಸಾಕು. ಊರ ಜನಾನ ಸೇರಿಸಿ ಗಾಡಿ ಕಟ್ಟಿಸ್ತೀನಿ, ನನ್ನ ಮಗಳ್ನ, ನನ್ನ ತಲ್ಲೀನ ಉಳಿಸ್ಕೋತೀನಿ."

"ಗಾಳಿ ಸೋಕಿದೆ ಅಮ್ಮ. ಸರಿಹೋಗುತ್ತೆ."

ಹೊಸ್ತಿಲ ಮೇಲೆ ನಕ್ಕ ಬಾಯೇ ಈ ಮಾತಾಡಿತು, ನೋಡಿ. ಮುದುಕಿ ಕೈ ಬಿಟ್ಟಳು. ಅವನ ಎಡಗಣ್ಣನ್ನೇ ದಿಟ್ಟಿಸಿದಳು. "ಆಯ್ತು ಸಾಮಿ," ಎಂದಳು.

ಬೀದಿಗಿಳಿಯುತ್ತಲೇ ಬಿಸಿಲು ಎಡಗಣ್ಣಿಗೆ ಮುಳ್ಳಿನಂತೆ ಚುಚ್ಚಿತು. ಆಸ್ಪತ್ರೆಯ ಕನ್ನಡಿಯಲ್ಲಿ ನೋಡಿಕೊಂಡ. ಎಡ ಪಾಪೆ ಬಲದ್ದಕ್ಕಿಂತ ಎರಡರಷ್ಟಾಗಿತ್ತು. ಉಮ್ಮತ್ತಿ, ಎಂದುಕೊಂಡ. ಆ ದತ್ತೂರಿ ಗಿಡದ ರಸ ಕಣ್ಣಿಗೆ ತಾಕಿದರೆ ಪಾಪೆ ಅರಳುತ್ತದೆ. ಮುದುಕಿಯ ಕೈಗೆ ಉಮ್ಮತ್ತಿ ರಸ ಅಂಟಿರಬೇಕು, ಆ ಕೈ ಮುಟ್ಟಿ ನಾನು ಕಣ್ಣುಜ್ಜಿಕೊಂಡಿರಬೇಕು. ಉಜ್ಜಿಕೊಂಡದ್ದು ಮಾತ್ರ ಅವನಿಗೆ ನೆನಪಿರಲಿಲ್ಲ. ನೀರೆರಚಿ ತೊಳೆದ. ಮತ್ತೆ ತೊಳೆದ.

ಮಧ್ಯಾಹ್ನ ನಲ್ಲಪ್ಪ ಬಾಗಿಲಲ್ಲಿ ನಿಂತು, "ಆ ಹೆಣ್ಮಗಾ ಹೋಯ್ತು ಸಾಮಿ," ಎಂದ. ತಲೆ ಎತ್ತಿ ಡಾಕ್ಟರ ಮುಖ ನೋಡಿದವನು ಹಿಂದೆ ಸರಿದ.

ಸೇತುರಾಮ ಕನ್ನಡಿಗೆ ಓಡಿದ. ಎಡಗಣ್ಣಿನ ಕಂದು ಬಳೆ ಕಾಣಲಿಲ್ಲ. ಬರೀ ಕಪ್ಪು. ಟಾರ್ಚು ಬಿಟ್ಟ. ಕುಗ್ಗಲಿಲ್ಲ. ರೆಪ್ಪೆ ಮುಚ್ಚಿದ. ಆದರೂ ಕಂಡಿತು. ಗೋಣಿತಾಟು. ತಟ್ಟೆಗಳು. ಚಾಪೆ. ಚಾಪೆಯ ಮೇಲೆ ಅವಳು. ಎರಡೂ ಕೈಯಿಂದ ಕಣ್ಣು ಒತ್ತಿ ಹಿಡಿದ. ಇನ್ನೂ ಹತ್ತಿರ ಕಂಡಳು. ಹುಳು ಮೇಯುವ ಸದ್ದು. ಕಿವಿಯಲ್ಲಲ್ಲ. ಕಣ್ಣಿನ ಹಿಂದೆ. ತಲೆಬುರುಡೆಯೊಳಗೆ. ಕರಕರ. ಕರಕರ. ಅವನು ಕೂಗಿಕೊಂಡು ಬೀದಿಗೆ ಬಿದ್ದ.

ಹೊತ್ತಿರುವಾಗಲೇ ಮಣ್ಣು ಮಾಡಬೇಕೆಂದು ಹೆಣ ಎತ್ತುತ್ತಿದ್ದರು. ಸೇತುರಾಮ ಚಟ್ಟಕ್ಕೆ ಅಡ್ಡ ನಿಂತ. "ಗಾಳಿಯಲ್ಲ! ಒನಕೆ ಏಟು. ಬಯ್ಯಪ್ಪ ಹೊಡೆದದ್ದು. ನಾನು ಸುಳ್ಳು ಹೇಳಿದೆ."

ಜನ ಅವನ ಮಾತು ಕೇಳಲಿಲ್ಲ, ಕಣ್ಣು ನೋಡಿದರು. ಹೆಂಗಸರು ಮಕ್ಕಳನ್ನು ಸೆರಗಿನೊಳಗೆ ಎಳೆದುಕೊಂಡರು.

"ಪಾಪ, ಡಾಕ್ಟ್ರಿಗೂ ಗಾಳಿ ಸೋಕೈತೆ," ಎಂದ ನರಸಿಂಹಪ್ಪ. "ಹಿಡೀರಪ್ಪ, ಒಳಗೆ ಮಲಗಿಸಣ."

ಕೈಕಾಲು ಕಟ್ಟಿ ಹೊತ್ತೊಯ್ದರು. ಗಡಿಬಿಡಿಯಲ್ಲಿ ಹಿತ್ತಲು ಯಾರಿಗೂ ನೆನಪಾಗಲಿಲ್ಲ, ಮುಂಬಾಗಿಲಿನಿಂದಲೇ ನುಗ್ಗಿ ಅದೇ ಚಾಪೆಯ ಮೇಲೆ ಕೆಡವಿದರು. ಅವನ ಜೇಬಿನಿಂದ ಜಾರಿದ ಟಾರ್ಚನ್ನು ನರಸಿಂಹಪ್ಪ ಎತ್ತಿಕೊಂಡ. ಜನಕ್ಕೆ ತೋರಿಸಬೇಕಲ್ಲ. ಬಗ್ಗಿ, ರೆಪ್ಪೆ ಎತ್ತಿ, ಬೆಳಕು ಬಿಟ್ಟು, ಆ ಕಪ್ಪಿನೊಳಗೆ ಇಣುಕಿದ. ಅಲ್ಲಿ ಸೊಸೆಯ ಕಣ್ಣೇ ಕಂಡಿತೋ ಏನೋ, ಟಾರ್ಚನ್ನು ಚಾಪೆಯ ಮೇಲೆ ಬಿಸುಟ. ಎದ್ದು ಹೊರಗೆ ಹೋದ. ಬಾಗಿಲಿಗೆ ಚಿಲಕ ಬಿತ್ತು.

ಕತ್ತಲಲ್ಲಿ ಬಿದ್ದಿದ್ದ ಸೇತುರಾಮನಿಗೆ ಹೊರಗಿನಿಂದ ಮುನಿಗಂಗಮ್ಮನ ದನಿ ಕೇಳಿಸಿತು. "ಏನು ಕಂಡ್ರಿ ಗೌಡ್ರೇ?"

"ಗಾಳಿ ಕಣಮ್ಮ. ಗಾಳೀನೇ."

"ಆಯ್ತು ಗೌಡ್ರೇ," ಎಂದಳು ಮುದುಕಿ. ಹುಳುಗಳು ಮೇಯುತ್ತಿದ್ದವು. ಆಮೇಲೆ ನರಸಿಂಹಪ್ಪನ ದನಿ ಮತ್ತೆ ಕೇಳಿಸಿತು. ಈಗ ಅದರಲ್ಲಿ ಬೆಣ್ಣೆಯಿರಲಿಲ್ಲ.

"ಏನು ಬಿಸಿಲಪ್ಪ ಇದು, ಕಣ್ಣೇ ಬಿಡಕ್ಕಾಗ್ತಿಲ್ಲ."

ಸೇತುರಾಮ ಕಿಟಕಿಯತ್ತ ಹೊರಳಿದ. ಗೋಣಿತಾಟಿನ ಸಂದಿಯಲ್ಲಿ ಬೆಳಕೇ ಇರಲಿಲ್ಲ. ಹೊತ್ತು ಆಗಲೇ ಮುಳುಗಿತ್ತು.