ಚೆಕ್‌ರೋಲಿನಲ್ಲಿ ದಿಲೀಪ

ಒಂಬತ್ತು ವರ್ಷ ದಿಲೀಪನ ಬೌಲಿಂಗಿಗೆ ಚಪ್ಪಾಳೆ ತಟ್ಟಿದ ಕವನಾಳಿಗೆ, ಅವನ ಮನೆಯವರೇ ಹೆಣ್ಣು ಕೇಳಿಕೊಂಡು ಬಂದಾಗ ಖುಷಿಯಾಗಬೇಕಿತ್ತು. ಆದದ್ದು ದಿಗಿಲು.

"ನಾಳೆ ಅವ್ರಿಗೆ ಉತ್ತರ ಹೇಳ್ಬೇಕು ಮಾರಾಯ್ತಿ. ಹೂಂ ಅಂತೀಯೋ, ಊಹೂಂ ಅಂತೀಯೋ?" ಅಮ್ಮ ವಿಮಲಮ್ಮ ಅಕ್ಕಿರೊಟ್ಟಿ ತಟ್ಟುತ್ತಲೇ ಕೇಳಿದರು.

"ಗೊತ್ತಿಲ್ಲಮ್ಮ."

"ಅವನ ಮ್ಯಾಚು ಅಂದ್ರೆ ಊಟ ಬಿಟ್ಟು ಓಡೋಳು ನೀನೇ ಅಲ್ವಾ? ಈಗ ಎಂತ ಆಯ್ತು?"

ಅದು ಕವನಾಳಿಗೂ ತಿಳಿದಿದ್ದರೆ ತಾನೇ! ಆಲ್ದೂರಿನ ಫಾಸ್ಟ್ ಬೌಲರ್ ದಿಲೀಪ ಓಡಿ ಬರುವಾಗ ಅವಳ ಎದೆ ಡವಡವ ಎನ್ನುತ್ತಿದ್ದುದು ನಿಜ. ಆದರೆ ಅವನ ಎದುರು ಕೂತು ಬೆಳಗಿನ ಕಾಫಿ ಕುಡಿಯುವುದನ್ನು ಅವಳು ಯಾವತ್ತೂ ಊಹಿಸಿರಲಿಲ್ಲ. ಸಾಲದ್ದಕ್ಕೆ ಊರಿನ ಹುಡುಗಿಯರೆಲ್ಲರ ಹಾಗೆ ಅವಳಿಗೂ ಅವನು ದಿಲೀಪಣ್ಣ. ಮೂವತ್ತಮೂರಕ್ಕೇ ಮಂಡಿ ಕೈಕೊಟ್ಟು, ಇವತ್ತು ಅವನ ಕೊನೆಯ ಮ್ಯಾಚು. ನಾಳೆಯಿಂದ ಓಡದ ದಿಲೀಪ ಹೇಗಿರುತ್ತಾನೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಕಾಫಿ ಕೊಯ್ಲು ಮುಗಿದು, ಗಿಡಗಳಲ್ಲಿ ಹೂ ಅರಳಿಸುವ ಹೂಮಳೆ ಬೀಳುವುದರೊಳಗೆ ನಡೆಯುವ ಟೂರ್ನಮೆಂಟು ಅದು. ಎರಡು ಸಾವಿರದ ಎರಡನೇ ಇಸವಿಯ ಫೈನಲ್, ಕಳಸದವರ ಮೇಲೆ. ಕವನಾ ಶಾಮಿಯಾನದಡಿ ತನ್ನ ಪುಸ್ತಕ ಹಿಡಿದು ಕೂತಳು. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಅಪ್ಪ ಕೊಟ್ಟ ಹಳೆಯ ಚೆಕ್‌ರೋಲ್ ಅದು. ಆಳುಗಳ ಹಾಜರಿಗೆಂದು ದಿನಕ್ಕೊಂದು ಚೌಕ ಎಳೆದಿದ್ದ ಪುಸ್ತಕದಲ್ಲಿ ಅವಳು ದಿಲೀಪನ ವಿಕೆಟ್ಟುಗಳನ್ನು ಬರೆದಿಟ್ಟಿದ್ದಳು. "ಬಂದವರಿಗೆ ಹಾಜರಿ, ಬರದವರಿಗೆ ಇಲ್ಲ. ಮುಂಚೆನೇ ಹಾಕೋದಂತೂ ಮಹಾ ತಪ್ಪು" ಎಂಬುದು ಅಪ್ಪನ ಕಾನೂನು.

ಇನ್ನಿಂಗ್ಸ್ ಮಧ್ಯೆ ದಿಲೀಪ ಕುಂಟುತ್ತ ಬಂದು ಪಕ್ಕದ ಕುರ್ಚಿ ಎಳೆದುಕೊಂಡ.

"ನೋಡ್ಬಹುದಾ?"

ಬೇಡ ಎನ್ನುವುದರೊಳಗೆ ಪುಸ್ತಕ ಅವನ ಕೈಯಲ್ಲಿತ್ತು. ಅವಳು ನೆಲ ನೋಡಿದಳು, ಆಮೇಲೆ ಓರೆಗಣ್ಣಲ್ಲಿ ಅವನ ಬೆರಳು ನೋಡಿದಳು. ಅದು ಒಂದು ಖಾಲಿ ಚೌಕದ ಮೇಲೆ ನಿಂತಿತ್ತು.

"ಈ ದಿನ ನಂಗೆ ಹಾಜರಿನೇ ಇಲ್ವಲ್ಲ?"

"ಅವತ್ತು... ನಿಮ್ಗೆ ವಿಕೆಟ್ ಸಿಗ್ಲಿಲ್ಲ."

"ಒಂದೇ ಓವರಿಗೆ ಇಪ್ಪತ್ತಾರು ಹೊಡೆಸ್ಕೊಂಡಿದ್ದೆ. ಆದ್ರೆ ಬಂದಿದ್ನಲ್ಲ ಮಾರಾಯ್ತಿ!" ಅವನು ನಕ್ಕ. ಮತ್ತೆರಡು ಹಾಳೆ ತಿರುವುವಷ್ಟರಲ್ಲಿ ಆ ನಗು ಸಣ್ಣದಾಯಿತು. "ಕವನಾ, ಇದ್ರಲ್ಲಿರೋ ಮನುಷ್ಯ ಭಾರೀ ಚೆನ್ನಾಗಿದಾನೆ. ಅವನನ್ನ ನೋಡಿ ಒಪ್ಪಬೇಡ. ನಾನು ಅವನಲ್ಲ."

ಅವನು ಎದ್ದು ಹೋದ. ಕವನಾಳ ಮುಖ ಬಿಸಿಯಾಯಿತು. ಅವನು ಬೇಡವೆಂದನೋ, ಬೇಕೆಂದನೋ? ಅವಳಿಗೆ ತಲೆಬುಡ ತಿಳಿಯಲಿಲ್ಲ.

ಕೊನೆಯ ಓವರ್ ದಿಲೀಪನದೇ. ಕಳಸಕ್ಕೆ ಬೇಕಿದ್ದುದು ಹನ್ನೊಂದು ರನ್ನು. ಮೊದಲ ಚೆಂಡು ಸಿಕ್ಸು, ಎರಡನೆಯದು ಫೋರು, ಮೂರನೆಯದೂ ಫೋರು. ಅಲ್ಲಿಗೆ ಮುಗಿಯಿತು. ದಿಲೀಪನನ್ನು ಬೀಳ್ಕೊಡಲು ಹಾರ ತಂದಿದ್ದವರು ಅದನ್ನು ಕುರ್ಚಿಯ ಮೇಲಿಟ್ಟು ಜೀಪು ಹತ್ತಿದರು. ದಿಲೀಪ ಎದುರಾಳಿಗಳ ಕೈ ಕುಲುಕಿ, ತಾನೇ ಬಾಗಿ ಸ್ಟಂಪ್ ಕಿತ್ತು ಒಟ್ಟು ಮಾಡತೊಡಗಿದ.

ಕವನಾಳಿಗೆ ಮೊದಲ ಸಲ ಚಪ್ಪಾಳೆ ತಟ್ಟಬೇಕೆನಿಸಲಿಲ್ಲ. ಹೋಗಿ ಅವನ ಕೈಯ ಸ್ಟಂಪ್ ಇಸಿದುಕೊಳ್ಳಬೇಕೆನಿಸಿತು. ಬೌಂಡರಿ ಗೆರೆ ದಾಟಿ ನಡೆದಳು.

"ಇವತ್ತಿಗೂ ಹಾಜರಿ ಇಲ್ಲ ಅಲ್ವಾ?" ಅವನು ತಲೆಯೆತ್ತದೆ ಕೇಳಿದ.

ಅವಳು ಪುಸ್ತಕ ತೆರೆದು ತೋರಿಸಿದಳು. ಇವತ್ತಿನ ಚೌಕದಲ್ಲಿ ಆರು, ನಾಲ್ಕು, ನಾಲ್ಕು ಎಂದು ದಪ್ಪಗೆ ಬರೆದಿತ್ತು.

"ನಂಗೆ ಇನ್ನೂ ಪೂರ್ತಿ ಗೊತ್ತಾಗ್ತಿಲ್ಲ," ಎಂದಳು. "ನಿಮ್ಮನ್ನ ಏನಂತ ಕರೀಬೇಕು ಅಂತಾನೂ ಗೊತ್ತಿಲ್ಲ. ಆದ್ರೆ ನೀವು ಸೋತಾಗ ದೂರ ಕೂರೋಕಾಗ್ಲಿಲ್ಲ."

ದಿಲೀಪನ ಕೈಯಿಂದ ಸ್ಟಂಪ್ ಜಾರಿತು. ಕವನಾ ಬಾಗಿ ಅದನ್ನು ಎತ್ತಿಕೊಂಡಳು.

"ನಾಳೆ ನಮ್ಮನೆಗೆ ಬರ್ತೀರಾ?"

"ನಾಳೆ ಮ್ಯಾಚಿಲ್ವಲ್ಲ."

"ಅದಕ್ಕೇ ಬನ್ನಿ."

ಅವನು ಬಾಯಿ ತೆರೆಯುವುದರೊಳಗೆ ಕವನಾ ಪೆನ್ನು ತೆಗೆದು, ಅಪ್ಪನ ಕಾನೂನು ಮುರಿದು, ನಾಳೆಯ ಚೌಕದಲ್ಲಿ ಇವತ್ತೇ ಹಾಜರಿ ಹಾಕಿದಳು.