ತಣ್ಣಗಾಗದ ಎಂಜಿನ್

ಮಾಗಿ ಚಳಿಯ ಒಂದು ಬೆಳಿಗ್ಗೆ, ನಾನೂ ತಮ್ಮನೂ ಅಪ್ಪನ ಹಳೇ ಟ್ರ್ಯಾಕ್ಟರಿನ ಎಂಜಿನ್ ಬಿಚ್ಚಲು ಕೂತೆವು. ಬಿಸಿ ಎಂಜಿನ್ ಬಿಚ್ಚಬಾರದು ಅನ್ನುವುದು ನಮ್ಮ ಕಸುಬಿನ ಕಟ್ಟಳೆ. ಇದು ವರ್ಷಗಳಿಂದ ಓಡಿರಲೇ ಇಲ್ಲ, ಆದರೂ ಈಗಷ್ಟೇ ಹೊಲ ಉತ್ತು ಬಂದ ಹಾಗೆ ಬೆಚ್ಚಗಿತ್ತು.

“ಕಬ್ಬಿಣಕ್ಕೂ ಜ್ವರ ಬಂತೇನಣ್ಣಾ?” ಎಂದು ತಮ್ಮ ನಕ್ಕು, ಅದರ ಮೇಲೆ ಕೈ ಕಾಯಿಸಿಕೊಂಡ.

ಅವತ್ತಿನಿಂದ ಅವನ ಕೈ ತಣ್ಣಗಾಯಿತು. ಒಂದೊಂದು ಭಾಗ ತೊಳೆದು ಜೋಡಿಸಿದಷ್ಟೂ ಎಂಜಿನ್ ಕಾಯುತ್ತಿತ್ತು, ಅವನ ಕೈಯ ತಂಪು ಹೆಗಲಿಗೇರುತ್ತಿತ್ತು.

“ಭಾವ, ಅದನ್ನ ಗುಜರಿಗೆ ಹಾಕಿಬಿಡಿ. ಇವರನ್ನ ಮುಟ್ಟೋಕೆ ಭಯ ಆಗುತ್ತೆ,” ಎಂದಳು ಅವನ ಹೆಂಡತಿ.

ಎಲ್ಲವನ್ನೂ ಮತ್ತೆ ಬಿಚ್ಚಿ ಹಾಕಿದೆ. ಪಿಸ್ಟನ್ ಇಲ್ಲದ ಖಾಲಿ ಬ್ಲಾಕಿನಿಂದಲೂ ಸುಟ್ಟ ಡೀಸೆಲ್ ವಾಸನೆ ಬರುತ್ತಿತ್ತು.

ತಮ್ಮ ಬುಧವಾರ ತೀರಿಕೊಂಡ. ಶುಕ್ರವಾರ ಗುಜರಿಯವರು ಬ್ಲಾಕನ್ನು ಒಯ್ದರು, ಕೈ ಸುಡುತ್ತದೆ ಎಂದು ಗೋಣಿ ಸುತ್ತಿ.